ಖಾಲಿ ಎಂದು ನಾನು ಹೇಳಿದ ಬೆಟ್ಟ

ಫೋನು ಬಂದಾಗ ನಾನು ಕಾರವಾರದ ಹೊರಗೆ ಒಂದು ವಿದ್ಯುತ್ ಉಪಕೇಂದ್ರದ ಗೇಟಿನ ಎದುರು ಜೀಪಿನಲ್ಲಿ ಕೂತು ಮಳೆಗೆ ಬೈಯುತ್ತಿದ್ದೆ. ತಂತಿಗಳ ಜೋಡಣೆ ಸಡಿಲಾದರೆ ಅಲ್ಲಿ ಬಿಸಿ ಏಳುತ್ತದೆ. ಅದು ಬರಿಗಣ್ಣಿಗೆ ಕಾಣುವುದಿಲ್ಲ, ನನ್ನ ಥರ್ಮಲ್ ಕ್ಯಾಮೆರಾಕ್ಕೆ ಕಾಣುತ್ತದೆ. ಡ್ರೋನಿಗೆ ಆ ಕ್ಯಾಮೆರಾ ಕಟ್ಟಿ ತಂತಿಗಳ ಮೇಲೆ ಹಾರಿಸುವುದು, ಬಿಸಿಯಾದ ಜಾಗ ಗುರುತು ಹಾಕಿಕೊಡುವುದು, ಇದು ನನ್ನ ಅನ್ನ. ಮಳೆಗಾಲದಲ್ಲಿ ಆ ಅನ್ನಕ್ಕೆ ಕಲ್ಲು ಬೀಳುತ್ತದೆ, ಹಾಗಾಗಿ ಬೈಗುಳ.

ಫೋನು ಮಾಡಿದವರು ಅಂಕೋಲಾ ಕಡೆಯ ಶೋಧ ತಂಡದ ಮುಖ್ಯಸ್ಥರು. "ಒಬ್ಬ ಹೆಂಗಸು, ಅರವತ್ತು ದಾಟಿದವರು. ನಿನ್ನೆ ಬೆಳಿಗ್ಗೆ ಅಳಬೆ ಹೆಕ್ಕೂಕೆ ಬೆಟ್ಟಕ್ಕೆ ಹೋದವರು ಬಂದಿಲ್ಲ. ಸಂಜೆಯಿಂದ ಜನ ಹುಡುಕ್ತಾ ಇದ್ದಾರೆ. ನಿಮ್ಮ ಬಿಸಿ ಕಾಣೂ ಕ್ಯಾಮೆರಾ ತರ್ತೀರಾ?"

ಅವರಿಗೆ ನನ್ನ ಪರಿಚಯವಾದದ್ದು ಹಿಂದಿನ ವರ್ಷ ಕೇಣಿಯಲ್ಲಿ. ಸಮುದ್ರಕ್ಕೆ ಬಿದ್ದನೆಂದು ಕೇರಿಯೆಲ್ಲ ಎದೆ ಬಡಿದುಕೊಳ್ಳುತ್ತಿದ್ದ ಒಬ್ಬನನ್ನು ನಾನು ಗಾಳಿಮರದ ತೋಪಿನಲ್ಲಿ ಹುಡುಕಿ ಕೊಟ್ಟಿದ್ದೆ. ಮಗುಚಿ ಹಾಕಿದ ದೋಣಿಯ ಅಡಿಯಲ್ಲಿ ಕುಡಿದು ಮಲಗಿದ್ದ ಮಹಾರಾಯ. ದೋಣಿಯ ಹೊರಗೆ ಚಾಚಿದ್ದ ಎರಡು ಪಾದ ನನ್ನ ಪರದೆಯ ಮೇಲೆ ಬೆಳ್ಳಗೆ ಹೊಳೆದಿದ್ದವು. ಅವನ ಹೆಂಡತಿ ಅಳುತ್ತಲೇ ಬಂದು ಅಲ್ಲೇ ನಾಲ್ಕು ಬಿಟ್ಟಳು. ಎಲ್ಲರೂ ನಕ್ಕರು, ನನಗೆ ಚಾ ಕುಡಿಸಿದರು, ಬೆನ್ನು ತಟ್ಟಿದರು. ಆವತ್ತಿನಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಅಂತ ಈಗ ಅನಿಸುತ್ತದೆ.

ಕಳೆದುಹೋದ ಹೆಂಗಸಿನ ಕೇರಿಯ ಹೆಸರು ಬರೆಯುವುದಿಲ್ಲ. ಅವರ್ಸಾ ಮತ್ತು ಅಂಕೋಲಾ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಕೆಲವು ವಿವರಗಳನ್ನೂ ಬೇಕೆಂದೇ ಆಚೀಚೆ ಮಾಡಿದ್ದೇನೆ.

ನಾನು ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ರಸ್ತೆಯ ಒಂದು ಮಗ್ಗುಲಿಗೆ ಗದ್ದೆ, ಇನ್ನೊಂದು ಮಗ್ಗುಲಿಗೆ ಬೆಟ್ಟ, ಬೆಟ್ಟದ ಬುಡದಲ್ಲಿ ಇಪ್ಪತ್ತು ಮನೆ. ಶಾಲೆಯ ಜಗಲಿಯ ಮೇಲೆ ತಂಡದವರು ಒದ್ದೆಯಾಗಿ ನಿಂತಿದ್ದರು. ಅವರ ನಡುವೆ ಒಬ್ಬಳು ಬರಿಗಾಲಲ್ಲಿ, ಕೈಯಲ್ಲಿ ಮಡಚಿದ ಕೊಡೆ ಹಿಡಿದುಕೊಂಡು ನೆನೆಯುತ್ತ ನಿಂತಿದ್ದಳು. ಕೊಡೆ ಬಿಚ್ಚಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು. ಕಳೆದುಹೋದವರ ಮಗಳು ಅವಳೇ. ಅಂಕೋಲೆ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಎದುರು ಹೊಲಿಗೆ ಮಶಿನ್ ಇಟ್ಟುಕೊಂಡು ದುಡಿಯುತ್ತಿದ್ದಳು. ತಾಯಿ ಊರವರ ಗದ್ದೆಗೆ ನೆಟ್ಟಿ, ಕಳೆ ಅಂತ ಕೂಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಇದ್ದದ್ದು ಅವರಿಬ್ಬರೇ.

ನಾನು ಯಾವಾಗಲೂ ಮಾಡುವಂತೆ ನೋಟ್‌ಬುಕ್ ತೆಗೆದೆ. "ತಂಗಿ, ಅವ್ವಿ ಯಾವ ಕಡೆ ಹೋದದ್ದು ಅಂತ ಗೊತ್ತಾ?"

"ಇಲ್ಲ ಅಣ್ಣ. ಅಳಬೆ ಏಳೂ ಜಾಗ ಯಾರಿಗೂ ಹೇಳೂದಿಲ್ಲ ಅದು. ನಂಗೂ ಹೇಳೂದಿಲ್ಲ. ಕೇಳರೆ ನಗಾಡ್ತದೆ. ನಿನ್ನ ಮದಿ ಆದ ದಿವ್ಸ ಹೇಳ್ತೆ ಅಂತದೆ."

ಅಳಬೆಯ ವಿಷಯದಲ್ಲಿ ಇಡೀ ತಾಲೂಕು ಹಾಗೇ. ಮಳೆ ಹಿಡಿದು ಗುಡುಗಿದ ಮೇಲೆ ಬೆಟ್ಟದಲ್ಲಿ ಅಣಬೆ ಏಳುತ್ತದೆ. ಎದ್ದ ಕಡೆಯೇ ಮರುವರ್ಷವೂ ಏಳುತ್ತದೆ. ಆದ್ದರಿಂದ ಒಬ್ಬೊಬ್ಬರಿಗೂ ಒಂದೊಂದು ಗುಟ್ಟಿನ ಜಾಗ. ಅಕ್ಕಪಕ್ಕದ ಮನೆಯವರು ಹಿಂದೆ ಬರುತ್ತಾರೇನೋ ಅಂತ ಸುತ್ತು ಹೊಡೆದು, ಬೇರೆ ದಾರಿ ತುಳಿದು ಹೋಗುವುದೂ ಉಂಟು. ಪ್ರೀತಿಯ ಕಳ್ಳಾಟ ಅದು. ಆ ದಿನ ಮಾತ್ರ ಅದರಿಂದಾಗಿ ನಮಗೆ ಮೂರು ಇಳಿಜಾರುಗಳಲ್ಲಿ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ.

"ಮೈ ಮೇಲೆ ಎಂತ ಇತ್ತು?"

"ಕೆಂಪು ಸೀರೆ. ಮೇಲಿಂದ ಕಂಬಳಿ ಕೊಪ್ಪೆ."

ಕೊಪ್ಪೆ ಅಂತ ಬರೆದುಕೊಂಡೆ. ಕಂಬಳಿಯನ್ನು ಮಡಚಿ ತಲೆಯ ಮೇಲೆ ಕೋಡಿನ ಹಾಗೆ ನಿಲ್ಲಿಸಿ, ಬೆನ್ನಿನ ಮೇಲಿಂದ ಮೊಣಕಾಲಿನವರೆಗೆ ಇಳಿಬಿಡುವುದು. ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಕೊಡೆ ಹಿಡಿಯಲು ಎಲ್ಲಿ ಕೈ ಇದೆ? ಅವರಿಗೆ ಅದೇ ಕೊಡೆ, ಅದೇ ಕೋಟು. ನನ್ನ ಅಜ್ಜಿಯೂ ಚಿತ್ತಾಕುಲದ ಗದ್ದೆಗಳಲ್ಲಿ ಅದನ್ನೇ ಹೊದ್ದು ನೆಟ್ಟಿ ಮಾಡಿದವಳು. ಪೆನ್ನಿನಲ್ಲಿ ಬರೆದದ್ದು ತಲೆಗೆ ಹೋಗಲಿಲ್ಲ. ಗುರುತಿಗೆ ಒಂದು ಬಟ್ಟೆ, ಅಷ್ಟೇ ಅಂದುಕೊಂಡೆ.

ಹನ್ನೊಂದರವರೆಗೆ ಮಳೆ ಬಿಡಲಿಲ್ಲ. ಮುಖ್ಯಸ್ಥರು ಮೂರು ಸಲ ಬಂದು, "ಹಾರ್ಸೂಕೆ ಆಗ್ತದಾ?" ಅಂತ ಕೇಳಿದರು. ಮೂರನೆಯ ಸಲ ನಾನು ರೇಗಿದೆ. ಡ್ರೋನು ಕೆಡುವ ಭಯ ಒಂದು ಕಡೆ ಇರಲಿ, ಧಾರಾಕಾರ ಮಳೆಯಲ್ಲಿ ಹಾರಿಸಿದರೂ ಪ್ರಯೋಜನವಿಲ್ಲ. ಗಾಳಿಯಲ್ಲಿರುವ ಒಂದೊಂದು ಹನಿಯೂ ಕೆಳಗಿನಿಂದ ಬರುವ ಶಾಖವನ್ನು ನುಂಗುತ್ತದೆ. ಪರದೆಯ ಮೇಲೆ ಬರೀ ಬೂದಿ ಬಣ್ಣ. ಮಗಳು ಜಗಲಿಯ ತುದಿಯಲ್ಲಿ ಕೂತು ನನ್ನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಅದರೊಳಗೆ ಅವಳ ತಾಯಿ ಇದ್ದಾರೋ ಎಂಬಂತೆ ನೋಡುತ್ತಿದ್ದಳು.

"ಅಣ್ಣ, ಅದ್ರಲ್ಲಿ ಮರದ ಅಡಿಗೆ ಇದ್ದರೂ ಕಾಣ್ತದಾ?"

"ಎಲೆಯ ಸಂದಿಯಲ್ಲಿ ಒಂಚೂರು ಮೈ ಕಂಡರೆ ಸಾಕು ತಂಗಿ. ಮನುಷ್ಯರ ಮೈ ಎಷ್ಟು ಬಿಸಿ ಅಂದ್ರೆ, ಈ ಥಂಡಿ ನೆಲದ ಮೇಲೆ ದೀಪದ ಹಾಗೆ ಕಾಣ್ತದೆ. ನನ್ನ ಕ್ಯಾಮೆರಾ ಸುಳ್ಳು ಹೇಳೂದಿಲ್ಲ."

ಹಾಗಂತ ನಾನೇ, ನನ್ನ ಬಾಯಿಂದಲೇ ಹೇಳಿದ್ದು.

ಹೇಳಿದ್ದರಲ್ಲಿ ಅರ್ಧ ಸರಿ. ಮಳೆಗಾಲದ ಮೋಡದ ದಿನ ಈ ಕೆಲಸಕ್ಕೆ ಚಲೋ. ಬೇಸಿಗೆಯಾದರೆ ಬಿಸಿಲು ಕುಡಿದ ಕಲ್ಲೆಲ್ಲ ಹೊಳೆದು, ಯಾವುದು ಮನುಷ್ಯ ಯಾವುದು ಬಂಡೆ ಎಂದೇ ಗೊತ್ತಾಗುವುದಿಲ್ಲ. ಮಳೆಯಲ್ಲಿ ನೆಲ ತಣ್ಣಗಿರುತ್ತದೆ, ಚರ್ಮ ಅದಕ್ಕಿಂತ ಏಳೆಂಟು ಡಿಗ್ರಿ ಬೆಚ್ಚಗಿರುತ್ತದೆ, ಆ ವ್ಯತ್ಯಾಸವೇ ನಮಗೆ ಚಿತ್ರ. ಉಳಿದರ್ಧ ನಾನು ಹೇಳಲಿಲ್ಲ. ಆ ಕ್ಯಾಮೆರಾ ಒಳಗಿನದನ್ನು ನೋಡುವುದೇ ಇಲ್ಲ. ಗೋಡೆಯ ಆಚೆ, ನೀರಿನ ಅಡಿ, ಗಾಜಿನ ಹಿಂದೆ ಅದು ಕುರುಡು. ಯಾವುದು ಮೇಲ್ಮೈಯೋ ಅದರ ಬಿಸಿಯನ್ನಷ್ಟೇ ಓದುತ್ತದೆ. ಮುಚ್ಚಳ ತಣ್ಣಗಿದ್ದರೆ ಪಾತ್ರೆಯೊಳಗೆ ಕುದಿಯುವ ಗಂಜಿ ಇದ್ದರೂ ಅದಕ್ಕೆ ತಣ್ಣಗೇ.

ಹನ್ನೊಂದೂ ಕಾಲಿಗೆ ಮಳೆ ಹೊಳವಾಯಿತು. ನನ್ನ ಹತ್ತಿರ ನಾಲ್ಕು ಬ್ಯಾಟರಿ. ಒಂದೊಂದು ಇಪ್ಪತ್ತು ನಿಮಿಷ ಚಿಲ್ಲರೆ. ಗದ್ದೆಯಲ್ಲಿ ಸಾಲು ಹಿಡಿದು ನೆಟ್ಟಿ ಮಾಡಿದ ಹಾಗೆಯೇ ಬೆಟ್ಟದ ಮೇಲೆ ಸಾಲು ಹಿಡಿದು ಹಾರಿಸಬೇಕು. ಒಂದು ಸಾಲಿನ ಅಂಚು ಇನ್ನೊಂದರ ಅಂಚಿನ ಮೇಲೆ ಬರಬೇಕು, ನಡುವೆ ಬಿಟ್ಟುಹೋಗಬಾರದು. ಮರದ ತುದಿಯಿಂದ ನಲವತ್ತು ಮೀಟರ್ ಎತ್ತರ ಇಟ್ಟೆ. ಅದಕ್ಕಿಂತ ಮೇಲೆ ಹೋದರೆ ಮನುಷ್ಯ ನಾಲ್ಕೈದು ಚುಕ್ಕೆಯಷ್ಟಾಗುತ್ತಾನೆ, ಕಣ್ಣು ಜಾರುತ್ತದೆ.

ಮೊದಲ ಇಳಿಜಾರಿನಲ್ಲಿ ದನ. ಮೂರು ದೊಡ್ಡ ಬಿಳಿ ಗುಡ್ಡೆಗಳು ಕಂಡಾಗ ಹಿಂದೆ ನಿಂತವರು ಉಸಿರು ಹಿಡಿದರು. ಒಂದು ಗುಡ್ಡೆ ಬಾಲ ಬೀಸಿದ ಮೇಲೆ ಬಿಟ್ಟರು. ಎರಡನೆಯದರಲ್ಲಿ ಮುಸಿಯ ಮಂಗಗಳ ಗುಂಪು, ಗೇರುಮರದ ಮೇಲೆ ಕೂತಿತ್ತು. ನಮ್ಮದೇ ತಂಡದ ಜನ ಅಲ್ಲಲ್ಲಿ ಮಿಣುಕುಹುಳದ ಹಾಗೆ ಹೊಳೆಯುತ್ತಿದ್ದರು. ಪ್ರತಿ ಬಿಳಿ ಚುಕ್ಕೆ ಕಂಡಾಗಲೂ ಮಗಳು ಒಂದು ಹೆಜ್ಜೆ ಮುಂದೆ ಬರುತ್ತಿದ್ದಳು, ಆಮೇಲೆ ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ. "ನೀ ಅಲ್ಲಿ ಕುಂತ್ಕ ತಂಗಿ, ಕಂಡ್ರೆ ನಾ ಕರೀತೆ," ಅಂದೆ.

ಮೂರನೆಯ ಇಳಿಜಾರು ಹಳೆಯ ಕಲ್ಲುಪಣೆ ಇದ್ದ ಕಡೆ. ಚಿರೆಕಲ್ಲು ಕಡಿದು ಬಿಟ್ಟ ಹೊಂಡಗಳು ಅಲ್ಲಲ್ಲಿ, ಹೊಂಡಗಳಲ್ಲಿ ಮಳೆನೀರು. ನಿಂತ ನೀರು ನನ್ನ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಮೇಲಿನ ಆಕಾಶದ ಥಂಡಿಯೂ ಅದರಲ್ಲಿ ಪ್ರತಿಫಲಿಸುತ್ತದೆ, ಸುತ್ತಲಿನ ನೆಲಕ್ಕಿಂತ ತಂಪಾಗಿ ತೋರುತ್ತದೆ. ಕಪ್ಪು, ಕಪ್ಪು, ಕಪ್ಪು ಅಂತ ನಾಲ್ಕು ಹೊಂಡ ದಾಟಿದೆ. ಐದನೆಯ ಕಪ್ಪು ಚಿಕ್ಕದಿತ್ತು, ಮಡಚಿದ ಚಾಪೆಯಷ್ಟು, ಒಂದು ಪೊದೆಯ ಮಗ್ಗುಲಿಗೆ. ಸುತ್ತಲ ನೆಲಕ್ಕಿಂತ ಎರಡು ಮೂರು ಡಿಗ್ರಿ ತಂಪು. ಬೇರೆಯವಕ್ಕಿಂತಲೂ ಕಪ್ಪು. ಸಾದಾ ಕ್ಯಾಮೆರಾಕ್ಕೆ ಬದಲಿಸಿದೆ. ಗಾಜಿನ ಮೇಲೆ ಹನಿ ಕೂತಿತ್ತು, ಬೆಟ್ಟಕ್ಕೆ ಮಂಜು ಸುತ್ತಿತ್ತು, ಒದ್ದೆ ಕಲ್ಲಿನಂಥದ್ದೇನೋ ಕಂಡಿತು. ಕೆಳಗಿಳಿಸಿ ನೋಡೋಣವೆಂದರೆ ಅದು ಕೊನೆಯ ಬ್ಯಾಟರಿ, ಹಿಂದೆ ಬರಲು ಬೇಕಾದಷ್ಟೇ ಉಳಿದಿತ್ತು.

ಅಷ್ಟರಲ್ಲೇ ಕೆಳಗೆ ಗದ್ದಲ. ಹಳ್ಳದ ದಡದಲ್ಲಿ ಒಂದು ಚಪ್ಪಲಿ ಸಿಕ್ಕಿದೆ ಎಂದು ಯಾರೋ ಓಡಿ ಬಂದರು. ಬೆಟ್ಟದಿಂದ ಇಳಿಯುವ ಹಳ್ಳ ಕೆಂಪಗೆ ಕುದಿಯುತ್ತ ಹರಿಯುತ್ತಿತ್ತು. ದಾಟುವಾಗ ಜಾರಿದರೆ ಗದ್ದೆ, ಗದ್ದೆಯಿಂದ ಅಳಿವೆ, ಅಳಿವೆಯಿಂದ ಸಮುದ್ರ. ಮುಖ್ಯಸ್ಥರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಬೆಟ್ಟ ಖಾಲಿಯಾ? ಖಾಲಿ ಅಂದ್ರೆ ಜನರನ್ನೆಲ್ಲ ಹಳ್ಳಕ್ಕೆ ಇಳಿಸ್ತೇನೆ. ಹೇಳಿ, ನಿಮ್ಮ ಮಾತಿನ ಮೇಲೇ ನಿಂತಿದೆ."

ಪರದೆ ನೋಡಿದೆ. ಬಿಳಿ ಒಂದೂ ಇರಲಿಲ್ಲ. "ಖಾಲಿ," ಅಂದೆ.

ಈ ಕೆಲಸದಲ್ಲಿ ಹೇಳಬೇಕಾದ ಮಾತು "ನನಗೆ ಕಾಣಲಿಲ್ಲ" ಅಂತ. "ಇಲ್ಲ" ಅನ್ನುವುದು ಬೇರೆ ಮಾತು. ಎರಡರ ನಡುವೆ ಒಂದು ಜೀವ ಹಿಡಿಸುತ್ತದೆ. ಪರದೆಯ ನಕಾಶೆಯ ಮೇಲೆ ಐದನೆಯ ಕಪ್ಪಿನ ಜಾಗದಲ್ಲಿ "ನೀರು" ಎಂದು ಬೆರಳಲ್ಲಿ ಬರೆದು ಡ್ರೋನು ಇಳಿಸಿದೆ.

ಅರವತ್ತು ಜನ ಬೆಟ್ಟ ಬಿಟ್ಟು ಹಳ್ಳ ಹಿಡಿದರು. ಹಗ್ಗ ಕಟ್ಟಿ ನೀರಿಗಿಳಿದರು, ಬಿದಿರಿನ ಗಳದಿಂದ ಮಡು ಮಡು ಚುಚ್ಚಿ ನೋಡಿದರು. ಕೇಣಿಯಿಂದ ಮೀನುಗಾರರು ಬಲೆ ತಂದು ಗದ್ದೆಯ ಬಾಯಿಗೆ ಅಡ್ಡ ಕಟ್ಟಿದರು. ಯಾರಿಗೂ ಯಾರೂ ಹೇಳಬೇಕಾಗಿರಲಿಲ್ಲ. ಮಗಳು ದಡದಲ್ಲಿ ಒಂದೇ ಸಮನೆ ಮೇಲೆ ಕೆಳಗೆ ನಡೆಯುತ್ತಿದ್ದಳು. ಚಪ್ಪಲಿ ತೋರಿಸಿದಾಗ, "ಅವ್ವಿದೇ ಹಾಂಗೆ ಕಾಣ್ತದೆ," ಅಂದಳು, ಆಮೇಲೆ "ಗೊತ್ತಾಗೂದಿಲ್ಲ," ಅಂದಳು. ನೀಲಿ ಹವಾಯಿ ಚಪ್ಪಲಿ, ಪ್ರತಿ ಮನೆಯ ಮೆಟ್ಟಿಲಲ್ಲೂ ಅಂಥದ್ದೇ ಇರುತ್ತದೆ.

ಮಧ್ಯಾಹ್ನ ಎರಡರಿಂದ ಮತ್ತೆ ಮಳೆ ಬಿಡದೆ ಹೊಡೆಯಿತು. ಜೀಪಿನಿಂದ ಬ್ಯಾಟರಿ ತುಂಬಿಸಿಕೊಂಡೆನಾದರೂ ಹಾರಿಸುವ ಹಾಗಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಕೆಳಗಿನ ಕೇರಿಯ ಒಬ್ಬರು ಬಂದು ಚಪ್ಪಲಿ ನೋಡಿ ತಲೆ ತಗ್ಗಿಸಿದರು. ನಾಲ್ಕು ದಿನದ ಹಿಂದೆ ಹಳ್ಳ ದಾಟುವಾಗ ತೇಲಿ ಹೋದ ಅವರದೇ ಚಪ್ಪಲಿ ಅದು. ಜೋಡಿಯ ಇನ್ನೊಂದನ್ನೂ ತಂದಿದ್ದರು. ಯಾರೂ ಅವರಿಗೆ ಬೈಯಲಿಲ್ಲ. ಬೈಯಲು ಯಾರಿಗೂ ತ್ರಾಣ ಇರಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಶಾಲೆಯ ಜಗಲಿಯಲ್ಲಿ ಕೂತು ಹಿಂದಿನ ದಿನದ ರೆಕಾರ್ಡಿಂಗನ್ನು ನಿಧಾನ ಮಾಡಿ ನೋಡತೊಡಗಿದೆ. ನನ್ನ ಪಕ್ಕದಲ್ಲಿ ಮಗಳ ನೆರೆಮನೆಯ ಮುದುಕರು ಬೀಡಿ ಹಿಡಿದು ಕೂತಿದ್ದರು. ಆ ಬೆಟ್ಟವನ್ನು ಅಂಗೈಯಷ್ಟು ಬಲ್ಲವರು. ಐದನೆಯ ಕಪ್ಪು ಬಂತು. ನಿಲ್ಲಿಸಿದೆ.

"ಇದು ಯಾವ ಹೊಂಡ ಅಜ್ಜ?"

ಅವರು ಕಣ್ಣು ಕಿರಿದು ಮಾಡಿದರು. "ಅಲ್ಲಿ ಹೊಂಡ ಎಲ್ಲದೆ ತಮಾ? ಅದು ಇಳುಕಲು. ನೀರು ಇಳುಕಲಲ್ಲಿ ನಿಲ್ತದಾ?"

ನಕಾಶೆಯಲ್ಲಿ ಎತ್ತರ ತೋರಿಸುವ ಗೆರೆಗಳನ್ನು ತೆರೆದು ನೋಡಿದೆ. ಮುದುಕರು ಹೇಳಿದ್ದು ಸತ್ಯ. ಹೊಂಡಗಳ ಸಾಲು ಅಲ್ಲಿಗೆ ಮುಂಚೆಯೇ ಮುಗಿದಿತ್ತು. ಇಳಿಜಾರಿನಲ್ಲಿ ಚಾಪೆಯಷ್ಟು ಅಗಲದ ನೀರು ಹೇಗೆ ನಿಂತೀತು? ಇಷ್ಟು ಯೋಚಿಸಲು ಹತ್ತನೇ ಕ್ಲಾಸು ಪಾಸಾಗಬೇಕಾಗಿಲ್ಲ. ನಾನು ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಮಣ್ಣಂಗಟ್ಟಿ!

"ಅಜ್ಜ, ಕೊಪ್ಪೆ ಹೊದ್ದವರು ಥಂಡಿಯಾದರೆ ಎಂತ ಮಾಡ್ತ್ರು?"

"ಎಂತ ಮಾಡೂದು? ಕುಕ್ಕರುಗಾಲಲ್ಲಿ ಕುಂತು ಕೊಪ್ಪೆನ ಮುಂದಿಂದ ಎಳ್ಕಂಡು ಒಳ್ಗೇ ಇರ್ತ್ರು. ಆಮೆ ಹಾಂಗೆ." ಬೀಡಿ ಅವರ ಕೈಯಿಂದ ಬಿತ್ತು. "ಅಯ್ಯೋ ದೇವ್ರೆ."

ನಾವು ಹತ್ತಿದೆವು. ತಂಡದವರು ನಾಲ್ಕು ಜನ ಹಿಂದೆ ಬಂದರು. ಮಗಳಿಗೆ ಹೇಳಬೇಡಿ ಎಂದು ನಾನು ಬೇಡಿಕೊಂಡಿದ್ದೆ. ಕಾಲು ಗಂಟೆಯ ದಾರಿ ಅಷ್ಟೇ, ಜಾರುತ್ತಿದ್ದದ್ದಕ್ಕೆ ಅರ್ಧ ಗಂಟೆ ಹಿಡಿಯಿತು. ಪೊದೆಯ ಮಗ್ಗುಲಿಗೆ ಅವರು ಹಾಗೇ ಕೂತಿದ್ದರು, ಕಲ್ಲಿಗೆ ಬೆನ್ನು ಕೊಟ್ಟು, ಮೊಣಕಾಲು ಎದೆಗೆ ಎಳೆದುಕೊಂಡು. ಕೊಪ್ಪೆಯ ಅಂಚನ್ನು ಪಾದದ ಅಡಿಗೆ ಸಿಗಿಸಿಕೊಂಡಿದ್ದರು. ಒಂದು ಪಾದ ಆಚೆಗೆ ತಿರುಚಿತ್ತು. ಕಂಬಳಿಯ ಮೇಲೆ ಹೊಸ ಕಪ್ಪು ತಾಡಪತ್ರಿ ಹೊಲಿದಿತ್ತು. ಸುತ್ತಲೂ ಒಂದೇ ಅಳತೆಯ ಹೊಲಿಗೆ, ಮೂಲೆಯಲ್ಲಿ ಎರಡೆರಡು ಸಲ ಹೊಲಿದು ಭದ್ರ ಮಾಡಿದ್ದು. ಪೇಟೆಯ ದರ್ಜಿಯ ಕೈ. ಮುದುಕರು ಅಂಚು ಬಿಡಿಸಿದರು. ಮಡಿಲಲ್ಲಿ ಎಲೆಯಲ್ಲಿ ಸುತ್ತಿದ ಅಳಬೆ ಇತ್ತು. ಮುಖ ಮಲಗಿದವರ ಮುಖದ ಹಾಗಿತ್ತು. ನಾನು ಕೈ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು, ಆಮೇಲೆ ಅಲ್ಲೇ ಕೂತು ಗಂಡಸು ಅಂತ ನೋಡದೆ ಅತ್ತೆ.

ಕೆಳಗೆ ತಂದಾಗ ಮಗಳು ಮಾಡಿದ್ದನ್ನು ಬರೆಯಲಾರೆ. ಒಂದೇ ಮಾತು ಕಿವಿಯಲ್ಲಿ ಉಳಿದಿದೆ. "ನೆನೀಲಿಲ್ಲ ನೋಡಿ, ಅವ್ವಿ ಸೀರೆ ನೆನೀಲೇ ಇಲ್ಲ," ಅಂತ ಅವಳು ಎಲ್ಲರಿಗೂ ಮುಟ್ಟಿ ಮುಟ್ಟಿ ತೋರಿಸುತ್ತಿದ್ದಳು.

ಆಸ್ಪತ್ರೆಯ ಡಾಕ್ಟರಿಗೆ ನಾನೇ ಹೋಗಿ ಕೇಳಿದೆ. ಕೇಳಬಾರದಿತ್ತು. ಸಿಕ್ಕಿದ ಹಿಂದಿನ ದಿನ ಕತ್ತಲಾದ ಮೇಲೆ ಜೀವ ಹೋಗಿರಬೇಕು ಅಂದರು. "ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ?" ಅಂದೆ. ಅವರು ನನ್ನ ಮುಖ ನೋಡಿ, ನಾನು ಯಾರೆಂದು ಅಂದಾಜು ಮಾಡಿ, "ಇದ್ದಿರಬೇಕು," ಅಂದರು. ಡ್ರೋನಿನ ಸದ್ದು ಸಣ್ಣದಲ್ಲ. ನಲವತ್ತು ಮೀಟರ್ ಮೇಲೆ ಕಣಜದ ಹಿಂಡಿನ ಹಾಗೆ ಗುಂಯ್‌ಗುಡುತ್ತದೆ. ಕೊಪ್ಪೆಯೊಳಗಿದ್ದ ಆ ತಾಯಿಗೆ ಕೇಳಿಸಿರಬಹುದು. ಕೊಪ್ಪೆ ಸರಿಸಿ ಮೇಲೆ ನೋಡಲು ತ್ರಾಣ ಇತ್ತೋ ಇಲ್ಲವೋ. ಅಥವಾ ಮಳೆಗೆ ಹೆದರಿ ಇನ್ನೂ ಒಳಗೆ ಸರಿದುಕೊಂಡರೋ. ಇದನ್ನು ಯೋಚಿಸದೆ ನಾನು ಒಂದು ದಿನ ಕಳೆದದ್ದಿಲ್ಲ.

ಮನೆಗೆ ಬಂದು ಪರೀಕ್ಷೆ ಮಾಡಿದೆ. ಹುಚ್ಚು ಅಂದರೂ ಸರಿ. ಹಿತ್ತಿಲಿನಲ್ಲಿ ಮಳೆಗೆ ಒಂದು ಸ್ಟೂಲು ಇಟ್ಟು, ಕಂಬಳಿ ಹೊದ್ದು ಕೂರಲು ಹೆಂಡತಿಗೆ ಹೇಳಿದೆ. ಅವಳು ಕೊಂಕಣಿಯಲ್ಲಿ ನನ್ನ ಇಡೀ ವಂಶವನ್ನು ಜಾಡಿಸಿದಳು, ಆದರೂ ಕೂತಳು. ನೆನೆದ ಕಂಬಳಿಯ ಮೇಲೆ ಹೆಗಲ ಹತ್ತಿರ ಮಸುಕು ಬೂದು ಬಣ್ಣ ಕಂಡಿತು. ಕಷ್ಟಪಟ್ಟು ಹುಡುಕಿದರೆ ಸಿಗುವಷ್ಟು. ಕಂಬಳಿಯ ಮೇಲೆ ತಾಡಪತ್ರಿ ಹಾಕಿದೆ. ಐದು ನಿಮಿಷದಲ್ಲಿ ಕಪ್ಪಾಯಿತು. ಹೆಂಡತಿ ಒಳಗೆ ಬೆಚ್ಚಗೆ ಕೂತಿದ್ದಳು, ನನಗೆ ಬೈಯುತ್ತಲೇ ಇದ್ದಳು, ಪರದೆಯ ಮೇಲೆ ಅವಳು ಇರಲೇ ಇಲ್ಲ. ನಾನು ಎರಡು ಸಲ ಅವಳ ಹೆಸರು ಹಿಡಿದು ಕರೆದೆ. ಮೂರನೆಯ ಸಲ ಅವಳು ತಾಡಪತ್ರಿ ಕಿತ್ತೆಸೆದು ಎದ್ದು ಬಂದು, ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

ಎರಡು ವಾರದ ಮೇಲೆ ನೆರೆಮನೆಯ ಮುದುಕರು ಫೋನು ಮಾಡಿದರು. "ತಮಾ, ಒಂದ್ಸಲ ಬಂದು ಹೋಗು. ಹುಡುಗಿ ಕೂಳು ಬಿಟ್ಟದೆ. ಯಾರೋ ಪೇಟೆಯಲ್ಲಿ ಆಡ್ಕಂಡ್ರಂತೆ, ಮೇಲಿಂದ ಪ್ಲಾಸ್ಟಿಕ್ ಇದ್ದದ್ದಕ್ಕೇ ಮಶಿನ್‌ಗೆ ಕಾಣ್ಲಿಲ್ಲ ಅಂತ. ಅದ್ನ ಹೊಲ್ದದ್ದು ಹುಡುಗಿನೇ ಅಲ್ವಾ. ಹೊಲಿಗೆ ಮಶಿನ್ ಮುಟ್ಟೂದಿಲ್ಲ ಅಂತದೆ."

ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತ್ತು. ಕೈಯಲ್ಲಿ ಹಿಡಿಯುವ ಚಿಕ್ಕ ಥರ್ಮಲ್ ಕ್ಯಾಮೆರಾವನ್ನು ಮಾತ್ರ ಜೊತೆಗೆ ಹಾಕಿಕೊಂಡಿದ್ದೆ. ಮಳೆ ತಾಗದಿರಲೆಂದು ಅದನ್ನು ತರಕಾರಿ ಕೊಡುವಂಥ ತೆಳು ಕಪ್ಪು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ್ದೆ.

ಅವಳು ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹದಿನೈದು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ಕೂರು ಅನ್ನಲಿಲ್ಲ.

"ಖರೇ ಹೇಳು ಅಣ್ಣ. ಬರೀ ಕಂಬಳಿ ಇದ್ದರೆ ಕಾಣ್ತಿತ್ತಾ?"

ನಾನು ಅವಳೆದುರು ನೆಲಕ್ಕೆ ಕೂತೆ.

"ಹೋದ್ವರ್ಷ ಕಂಬಳಿ ನೆಂದು ಅವ್ವಿಗೆ ಜ್ವರ ಬಂದಿತ್ತು. ಈ ವರ್ಷ ನೆನೀಬಾರ್ದು ಅಂತ ಅಂಗಡೀಲಿ ದಪ್ಪದ್ದೇ ನೋಡಿ ತಂದೆ. ಎರಡು ಸಂಜೆ ಕುಂತು ಹೊಲ್ದೆ. ಒಂದು ಹನಿನೂ ಒಳಗೆ ಹೋಗೂದಿಲ್ಲ ಅಂತ ಅವ್ವಿಗೆ ಹೇಳ್ದೆ. ನಾನೇ ಮುಚ್ಚಿ ಇಟ್ಟೆ ಅಲ್ದಾ ಅದನ್ನ? ನಿನ್ನ ಕಣ್ಣಿಂದ ನಾನೇ ಮುಚ್ಚಿಟ್ಟೆ ಅಲ್ದಾ?"

ಆ ಕ್ಷಣಕ್ಕೆ ಮುಂಚೆ ನಾನು ಏನನ್ನೂ ನಿರ್ಧರಿಸಿರಲಿಲ್ಲ, ದೇವರಾಣೆ. ಕ್ಯಾಮೆರಾ ಹೊರಗೆ ತೆಗೆದೆ. ಖಾಲಿ ಕೊಟ್ಟೆಯನ್ನು ಒಳಗೂ ಹೊರಗೂ ಅಂಗಿಯಿಂದ ಒರೆಸಿದೆ. ಒಂದು ಹನಿಯೂ ಉಳಿಯದ ಹಾಗೆ ಒರೆಸಿದೆ.

"ಇದ್ರಲ್ಲಿ ಕೈ ಹಾಕು ತಂಗಿ."

ಅವಳು ಹಾಕಿದಳು. ಕಪ್ಪು ಪ್ಲಾಸ್ಟಿಕ್, ಬರಿಗಣ್ಣಿಗೆ ಕೈ ಕಾಣುತ್ತಿರಲಿಲ್ಲ. ಕ್ಯಾಮೆರಾದ ಪರದೆಯನ್ನು ಅವಳ ಕಡೆ ತಿರುಗಿಸಿದೆ. ಐದೂ ಬೆರಳು ಬೆಳ್ಳಗೆ ಹೊಳೆಯುತ್ತಿದ್ದವು. ಕೊಟ್ಟೆ ಇಲ್ಲವೇ ಇಲ್ಲ ಎಂಬಷ್ಟು ಸ್ಪಷ್ಟ. ಅವಳು ಬೆರಳು ಮಡಚಿದಳು, ಬಿಚ್ಚಿದಳು, ಪರದೆಯ ಮೇಲಿನ ಬೆರಳುಗಳೂ ಮಡಚಿ ಬಿಚ್ಚಿದವು.

ನಾನು ತೋರಿಸಿದ್ದು ಸುಳ್ಳಲ್ಲ. ತೆಳು ಪ್ಲಾಸ್ಟಿಕ್ ಒಣಗಿದ್ದರೆ ಮೈಯ ಶಾಖವನ್ನು ಬಹುಮಟ್ಟಿಗೆ ಹಾಗೇ ಹೊರಗೆ ಬಿಡುತ್ತದೆ. ಅದರ ಮೇಲೆ ನೀರಿನ ಪೊರೆ ಕೂತರೆ ಮುಗಿಯಿತು, ಬಿಡುವುದಿಲ್ಲ. ದಪ್ಪ ತಾಡಪತ್ರಿಯಾದರೆ ಒಣಗಿದ್ದರೂ ಬಿಡುವುದಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ. ಹೊರಗೆ ಸೂರಿನಿಂದ ನೀರು ಸುರಿಯುತ್ತಿತ್ತು. ಅವಳು ಎದ್ದು ಹೋಗಿ ಕೊಟ್ಟೆಯ ಕೈಯನ್ನು ಆ ನೀರಿಗೆ ಒಡ್ಡಿಬಿಟ್ಟರೆ ಎಂದು ಹೆದರಿ ನಾನು ಬಾಗಿಲಿಗೆ ಅಡ್ಡವಾಗಿ ಸರಿದು ಕೂತೆ. ಅವಳು ಏಳಲಿಲ್ಲ.

"ಹಾಂಗಾರೆ ಪ್ಲಾಸ್ಟಿಕಿನಿಂದ ಅಲ್ಲ," ಅಂದಳು.

"ಅಲ್ಲ."

"ಅವ್ವಿ ಕಾಣೂದಿತ್ತು."

"ಕಾಣೂದಿತ್ತು ತಂಗಿ."

"ನೀನೇ ನೋಡ್ಲಿಲ್ಲ."

"ನಾನೇ ನೋಡ್ಲಿಲ್ಲ."

ಅವಳು ಕೊಟ್ಟೆಯಿಂದ ಕೈ ತೆಗೆದಳು. ಅಣ್ಣ ಎಂಬ ಮಾತು ಅಲ್ಲಿಗೆ ಮುಗಿಯಿತು. ಶುರುವಾದಾಗ ಧ್ವನಿ ಸಣ್ಣದಿತ್ತು, ಆಮೇಲೆ ಏರಿತು. ಎದ್ದು ನಿಂತು, ನನ್ನ ಕಣ್ಣಿಗೆ, ನನ್ನ ಕೈಗೆ, ನನ್ನನ್ನು ಹೆತ್ತವರಿಗೆ, ನನ್ನ ಮಶಿನ್ನಿಗೆ ಅವಳು ಹಾಕದ ಶಾಪ ಉಳಿಯಲಿಲ್ಲ. ನನ್ನನ್ನು ತಳ್ಳುತ್ತ ಅಂಗಳಕ್ಕೆ ತಂದಳು. ಕೇರಿಯ ಹೆಂಗಸರು ಬಾಗಿಲಿಗೆ ಬಂದರು. ಮುದುಕರು ತಡೆಯಲು ಹೊರಟಾಗ ನಾನು ಬೇಡವೆಂದು ಕೈ ಮಾಡಿದೆ. ಅವಳು ಎರಡು ವಾರದಿಂದ ತನಗೇ ಹಾಕಿಕೊಂಡಿದ್ದ ಬೈಗುಳ ಅದೆಲ್ಲ. ಒಂದೂ ಬಿಡದೆ ನನ್ನ ಕಡೆಗೆ ಬರಲಿ ಎಂದು ಮಳೆಯಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ.